ಹನ್ನೊಂದನೆಯ ದಾರಿಯ ಮೂವತ್ತೈದು ನಿಮಿಷ

ಗುರುವಾರ, ಮಾರ್ಚ್ ೧೨

ಪ್ರೀತಿಯ ಅಕ್ಕ,

ನಿಮ್ಮ ಕಾಗದ ಬಂದು ಏಳು ವಾರವಾಯಿತು. ವಾರಗಳ ಲೆಕ್ಕ ಇಡುವುದೇ ನನ್ನ ಹೊಟ್ಟೆಪಾಡು, ಹಾಗಾಗಿ ಮೊನ್ನೆ ಮೊನ್ನೆ ಬಂತು ಎಂದು ನಾಟಕವಾಡುವ ಹಾಗೂ ಇಲ್ಲ. ಮೂರು ಸಲ ಉತ್ತರ ಬರೆಯಲು ಕೂತೆ. ಮೂರು ಸಲವೂ ಪುಟ್ಟಿ ಎದ್ದಳು. ಹಾಗೆ ಇವರ ಹತ್ತಿರ ಹೇಳಿಕೊಂಡೆ. ನಿಮ್ಮ ಹತ್ತಿರ ಅದನ್ನೇ ಹೇಳಲು ಕೈ ಬರುತ್ತಿಲ್ಲ. ತಡವಾಯಿತು, ಬೈದುಬಿಡಿ.

ನಿಮ್ಮ ಮಂಡಿನೋವು ಹೇಗಿದೆ? ಹೊಸ ಮನೆಗೆ ಎಷ್ಟು ಮೆಟ್ಟಿಲು ಎಂದು ಬರೆಯಲೇ ಇಲ್ಲ. ಹೋದ ಕಡೆಯೆಲ್ಲ ನೀವು ಮೊದಲು ಎಣಿಸುತ್ತಿದ್ದದ್ದು ಅದನ್ನೇ ಅಲ್ಲವೇ?

ಪುಟ್ಟಿಗೆ ಒಂಬತ್ತು ತಿಂಗಳು. ಮೇಲೆ ಒಂದು, ಕೆಳಗೆ ಎರಡು ಹಲ್ಲು. ತೂಕ ಸರಿಯಾಗಿದೆ, ಡಾಕ್ಟರು ನಗುತ್ತಾರೆ. ನಾನೊಬ್ಬಳೇ ನಗುವುದಿಲ್ಲ. ಅವಳು ಮಲಗಿದರೆ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತೇನೆ, ಅಷ್ಟಕ್ಕೇ ಅವಳಿಗೆ ಎಚ್ಚರವಾಗುತ್ತದೆ. "ಮಗೂನ ನಿದ್ದೆ ಮಾಡೋಕೆ ಬಿಡೇ ಮಾರಾಯ್ತಿ, ನೀನೇ ಎಬ್ಬಿಸ್ತೀಯ, ಆಮೇಲೆ ನಿದ್ದೆಯಿಲ್ಲ ಅಂತ ಅಳ್ತೀಯ" ಎಂದು ಇವರು ಬೈಯುತ್ತಾರೆ. ಹಾಲು, ನಿದ್ದೆ, ಜ್ವರ ಎಲ್ಲದಕ್ಕೂ ಗೋಡೆಯ ಮೇಲೆ ಹಾಳೆ ಅಂಟಿಸಿ ಬಣ್ಣ ಹಚ್ಚುತ್ತಿದ್ದೆ. ಒಂದು ದಿನ ಅತ್ತೆ ಕೇಳಿದರು, "ಇದೇನಮ್ಮಾ, ಕೂಸಿಗೂ ಮೀಟಿಂಗಾ?" ಕಿತ್ತು ಹಾಕಿದೆ.

ಆಫೀಸಿನ ಸುದ್ದಿ ಹೇಳುತ್ತೇನೆ. ಜನವರಿಯಲ್ಲಿ ಮತ್ತೆ ಸೇರಿದೆ. ವಾರದ ಪ್ರಗತಿ ಹಾಳೆ ಮತ್ತೆ ನನ್ನ ಕೈಗೇ ಬಂತು. ಏನೂ ಬದಲಾಗಿಲ್ಲ. ಶುಕ್ರವಾರ ಹನ್ನೊಂದಕ್ಕೆ ಪರದೆಯ ಮೇಲೆ ಹಾಳೆ, ಮುಗಿದದ್ದಕ್ಕೆ ಹಸಿರು, ನಡೆಯುತ್ತಿರುವುದಕ್ಕೆ ಹಳದಿ, ನಾಲ್ಕು ವಾರ ಹಳದಿಯಲ್ಲೇ ಕೂತರೆ ತಾನಾಗಿ ಕೆಂಪು. ಕೆಂಪಾದರೆ ಮುಖ್ಯಸ್ಥರು ಮೇಲಿನವರಿಗೆ ಕಾರಣ ಬರೆಯಬೇಕು. ಅವರಿಗೆ ಕಾರಣ ಬರೆಯುವುದೆಂದರೆ ಹಲ್ಲು ಕೀಳಿಸಿಕೊಂಡಷ್ಟು ಸುಖ. ಹಸಿರಾದ ಸಾಲಿನ ಮುಂದಿನ ಟಿಪ್ಪಣಿ ಅಳಿಸುವ ಪದ್ಧತಿಯೂ ಹಾಗೇ ಇದೆ. "ಹಸಿರೇ ಉತ್ತರ, ಇನ್ನೇನು ಪುರಾಣ?" ಎನ್ನುತ್ತಾರೆ. ಅಂಕಿಅಂಶ ನೋಡುವ ನಮ್ಮ ಅಂಕಿಯಣ್ಣ ಈಗಲೂ ನನ್ನನ್ನು ಕರೆಯುವುದು ಹಾಳೆಯಮ್ಮ ಎಂದೇ. ನಿಮ್ಮ ಕುರ್ಚಿಯಲ್ಲಿ ಯಾರೂ ಕೂರುವುದಿಲ್ಲ. ಯಾರೂ ಬೇಡ ಎಂದಿಲ್ಲ, ಆದರೂ ಎಲ್ಲರೂ ಅದನ್ನು ಸುತ್ತಿಕೊಂಡೇ ಓಡಾಡುತ್ತೇವೆ.

ಹೋದ ತಿಂಗಳು ಆ ತಾಯಿ ಬಂದಿದ್ದಳು. ಗುಡ್ಡದ ಮೇಲಿನವಳು. ನಮ್ಮ ವರದಿಯ ಮಾತು ಕೇಳಿ ಸರ್ಕಾರದವರು ಹನ್ನೊಂದು ಸಣ್ಣ ಹೆರಿಗೆ ಕೇಂದ್ರಗಳನ್ನು ಮುಚ್ಚಿ ಎಲ್ಲರನ್ನೂ ದೊಡ್ಡಾಸ್ಪತ್ರೆಗೆ ಕಳಿಸಿದರಲ್ಲ, ಅದರಲ್ಲಿ ಹನ್ನೊಂದನೆಯ ಕೇಂದ್ರದವಳು. ನನ್ನ ವಯಸ್ಸೇ ಇರಬೇಕು. ವರದಿಯನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡು ಬಂದಿದ್ದಳು. ಕೂರಲಿಲ್ಲ. ಇಪ್ಪತ್ತಮೂರನೆಯ ಪುಟ ಬಿಡಿಸಿ ಬೆರಳಿಟ್ಟಳು.

"ಇಲ್ಲಿ, ನಮ್ಮ ಗುಡ್ಡದಿಂದ ದೊಡ್ಡಾಸ್ಪತ್ರೆಗೆ ಮೂವತ್ತೈದು ನಿಮಿಷ ಅಂತ ಬರೆದೋರು ಯಾರು?"

"ಅದು ಒಬ್ಬರು ಬರೆದದ್ದಲ್ಲಮ್ಮ, ತಂಡದ ಕೆಲಸ" ಎಂದರು ಮುಖ್ಯಸ್ಥರು.

"ಹೌದಾ? ತಂಡ ಯಾವ ಗಾಡೀಲಿ ಬಂದಿತ್ತು ಸಾರ್? ನಮ್ಮನ್ನೂ ಅದರಲ್ಲೇ ಕರ್ಕೊಂಡು ಹೋಗಬಹುದಿತ್ತಲ್ಲ."

ಅವಳೇ ಮುಂದುವರಿಸಿದಳು, ದನಿ ಏರಿಸದೆ. "ಸೇತುವೆ ಕಿತ್ತು ಹಾಕಿದ್ರು, ಸುತ್ತು ದಾರಿ. ನಮ್ಮ ಮನೆಯವರು ಗಡಿಯಾರ ನೋಡ್ತಾನೇ ಇದ್ರು. ಹೊರಟ ಒಂದು ಗಂಟೆ ಹತ್ತು ನಿಮಿಷಕ್ಕೆ ಹುಟ್ಟಿತು. ಚೆನ್ನಾಗಿ ಅತ್ತಿತು. ಒಂದು ಮುಕ್ಕಾಲು ಗಂಟೆಗೆ ಸುಮ್ಮನಾಯ್ತು. ಆಸ್ಪತ್ರೆ ಗೇಟು ಕಾಣಿಸ್ತಿತ್ತು."

ಹೋಗುವಾಗ ನನ್ನ ಮೇಜಿನ ಹತ್ತಿರ ನಿಂತಳು. ನನ್ನ ರವಿಕೆ ಹಾಲಿಗೆ ಒದ್ದೆಯಾಗಿತ್ತು, ನಾನು ಫೈಲು ಅಡ್ಡ ಹಿಡಿದಿದ್ದೆ. ಅವಳು ಅದನ್ನು ನೋಡಿಯೂ ನೋಡದ ಹಾಗೆ ಕೇಳಿದಳು, "ಎಷ್ಟು ತಿಂಗಳು?" ಎಂಟು ಎಂದೆ. "ಗಾಬರಿಯಾಗಬೇಡಿ, ನಿಲ್ಲುತ್ತೆ. ನನಗೂ ನಿಲ್ಲೋಕೆ ಎರಡು ತಿಂಗಳು ಬೇಕಾಯ್ತು" ಎಂದು ನನಗೇ ಸಮಾಧಾನ ಹೇಳಿ ಮೆಟ್ಟಿಲಿಳಿದು ಹೋದಳು.

ಅವತ್ತಿನಿಂದ ಅವಳು ನಮ್ಮ ಮನೆಯಲ್ಲೇ ಇದ್ದಾಳೆ, ಅಕ್ಕ. ಹುಚ್ಚು ಅನ್ನಬೇಡಿ. ಪುಟ್ಟಿಗೆ ಹಾಲು ಕುಡಿಸುವಾಗ ಬಾಗಿಲ ಹತ್ತಿರ ನಿಂತಿರುತ್ತಾಳೆ, ಕೂರು ಅಂದರೆ ಕೂರುವುದಿಲ್ಲ. ಪುಟ್ಟಿ ಅತ್ತರೆ ಎದೆ ಹಗುರಾಗುತ್ತದೆ, ಸುಮ್ಮನಾದರೆ ಕೈಕಾಲು ತಣ್ಣಗಾಗುತ್ತದೆ. ಎಲ್ಲ ತಾಯಂದಿರಿಗೂ ತಿರುಗುಮುರುಗು, ನನಗೆ ಹೀಗೆ.

ತಡೆಯಲಾಗದೆ ಹೋದ ಭಾನುವಾರ ಇವರನ್ನು ಹೊರಡಿಸಿದೆ. "ನಿನ್ನ ಆಫೀಸಿಗೆ ಭಾನುವಾರಾನೂ ನಾನೇ ಡ್ರೈವರಾ?" ಎಂದು ಗೊಣಗಿದರು, ಆದರೆ ಬಂದರು. ಮುಚ್ಚಿದ ಕೇಂದ್ರದ ಬಾಗಿಲಿನಿಂದ ಗಡಿಯಾರ ನೋಡಿ ಹೊರಟೆವು. ಸೇತುವೆಯ ಕಂಬಗಳು ಇನ್ನೂ ಹಾಗೇ ನಿಂತಿವೆ, ಮೇಲೆ ಏನೂ ಇಲ್ಲ. ಸುತ್ತು ದಾರಿಯಲ್ಲಿ ಎರಡನೇ ಗೇರು ಬಿಟ್ಟು ಮೂರಕ್ಕೆ ಹಾಕಲು ಆಗಲೇ ಇಲ್ಲ. ಒಂದು ಗಂಟೆ ಹತ್ತು ನಿಮಿಷಕ್ಕೆ ನಿಲ್ಲಿಸಿ ಎಂದೆ. ಅಲ್ಲಿ ಏನೂ ಇರಲಿಲ್ಲ. ಒಂದು ಮೋರಿಕಟ್ಟೆ, ಅದರ ಮೇಲೆ ಸುಣ್ಣದಲ್ಲಿ ಬರೆದ ಯಾವುದೋ ನಂಬರು. ಪುಟ್ಟಿ ಕಿಟಕಿಯಾಚೆ ನೋಡಿ ಗಟ್ಟಿಯಾಗಿ ನಕ್ಕಳು. ಯಾರನ್ನು ನೋಡಿ ನಕ್ಕಳೋ ಗೊತ್ತಿಲ್ಲ. ಇವರು "ಏನಾಯ್ತೇ? ಯಾಕೆ ಬಿಳಿಚಿಕೊಂಡೆ?" ಎಂದರು. ಹೊರಡಿ ಎಂದೆ. ದೊಡ್ಡಾಸ್ಪತ್ರೆಯ ಗೇಟಿಗೆ ಒಂದು ಗಂಟೆ ಐವತ್ತು ನಿಮಿಷ.

ಸೋಮವಾರ ಅದನ್ನು ಮುಖ್ಯಸ್ಥರ ಮುಂದಿಟ್ಟೆ. ವರದಿಯ ತಿದ್ದಿದ ಪ್ರತಿ ನಾಳೆ ಅಚ್ಚಿಗೆ ಹೋಗುತ್ತದೆ. ಹೊಸ ಅಂಕಿ ಹಾಕಲು ಒಪ್ಪಿದರು. ಗುಡ್ಡದ ಕೇಂದ್ರವನ್ನು ಮತ್ತೆ ತೆರೆಯಬೇಕೆಂಬ ಶಿಫಾರಸೂ ಸೇರಿತು. ಆದರೆ ಅದರ ಅಡಿಯಲ್ಲಿ ಒಂದು ಸಾಲು ಇದೆ: "ಹಿಂದಿನ ಅಂಕಿಯು ಕ್ಷೇತ್ರ ಪರಿಶೀಲಕರ ಲೋಪದಿಂದಾದದ್ದು." ಹನ್ನೊಂದು ದಾರಿಗಳನ್ನೂ ಹೋಗಿ ನೋಡಿ ಬರಬೇಕಿದ್ದ ಪರಿಶೀಲಕರೆಂದರೆ ನೀವು. ಹೆಸರಿಲ್ಲ ನಿಜ, ಆದರೆ ಈ ಕೆಲಸದಲ್ಲಿರುವವರಿಗೆ ಯಾರೆಂದು ಗೊತ್ತಿಲ್ಲವೇ? ನಿಮಗೆ ಅಲ್ಲಿ ಕೆಲಸ ಕೊಡಬೇಕೆಂದಿರುವ ಸಂಸ್ಥೆಯವರು ಅದೇ ವರದಿಗೆ ಕಾಯುತ್ತಿದ್ದಾರೆಂದು ನೀವೇ ಬರೆದಿದ್ದೀರಿ. ಆ ಸಾಲು ಬೇಡ ಸಾರ್ ಎಂದೆ. "ಅವರೇ ಒಪ್ಪಿಕೊಂಡು ಹೋಗಿದ್ದಾರಲ್ಲಮ್ಮ, ನೀನ್ಯಾಕೆ ಕೆದಕ್ತೀಯ?" ಎಂದರು.

ನೀವು ಕಾಗದದಲ್ಲಿ ಕೇಳಿದ್ದೂ ಒಂದೇ ಪ್ರಶ್ನೆ. ಬೈಗುಳವಿಲ್ಲ, ದೂರಿಲ್ಲ. "ಹನ್ನೊಂದನೆಯ ದಾರಿಗೆ ನಾನು ಹೋಗಿರಲಿಲ್ಲ ಅಂತ ನನಗೆ ನೆನಪಿದೆ. ಬಾಕಿ ಅಂತ ಬರೆದ ನೆನಪೂ ಇದೆ. ಆದರೆ ಸಾಲು ಹಸಿರಾಗಿದೆ. ಆ ವಾರ ಜ್ವರದಲ್ಲಿ ಮಲಗಿದ್ದೆ, ಜ್ವರದಲ್ಲೇ ನಾನೇ ಹಚ್ಚಿದೆನೋ ಏನೋ. ಈಗ ಒಲೆ ಆರಿಸಿದೆನೇ ಅಂತ ನಾಲ್ಕು ಸಲ ನೋಡುತ್ತೇನೆ, ನನ್ನ ಮೇಲೆ ನನಗೇ ನಂಬಿಕೆಯಿಲ್ಲ. ಹಳೆಯ ಹಾಳೆಗಳನ್ನು ಒಂದು ಸಲ ನೋಡಿ ಹೇಳ್ತೀಯಾ ತಂಗಿ? ನಾನೇ ಆಗಿದ್ದರೂ ಪರವಾಗಿಲ್ಲ, ಗೊತ್ತಾದರೆ ಸಾಕು." ಇದನ್ನು ಓದಿ ಓದಿ ಕಾಗದದ ಮಡಿಕೆ ಹರಿದಿದೆ.

ಹಾಳೆಗಳನ್ನು ನೋಡುವ ಅಗತ್ಯವಿರಲಿಲ್ಲ. ಯಾರು ಬಣ್ಣ ಹಚ್ಚಿದರೆಂದು ಅವು ಹೇಳುವುದೂ ಇಲ್ಲ.

ಪುಟ್ಟಿ ಎದ್ದಳು, ನಿಜವಾಗಿ. ಇವತ್ತಿನ ಅಂಚೆಗೆ ಇದು ಹೋಗಲೇಬೇಕು. ನಿಮ್ಮ ಮಂಡಿ ಬೇಗ ವಾಸಿಯಾಗಲಿ, ನಿಮ್ಮ ಮನೆಯಲ್ಲಿ ನೆಮ್ಮದಿ ಇರಲಿ. ನಾನು ಹರಸುವಷ್ಟು ದೊಡ್ಡವಳಲ್ಲ, ಆದರೂ ಮನಸ್ಸು ತುಂಬಿ ಹೇಳುತ್ತಿದ್ದೇನೆ. ಪುಟ್ಟಿಯ ತಲೆಯ ಮೇಲೆ ಅಲ್ಲಿಂದಲೇ ಒಮ್ಮೆ ಕೈಯಿಡಿ. ನನಗೆ ಬೇಡ, ಅವಳಿಗೆ.

ನಿಮ್ಮ,
ಹಾಳೆಯಮ್ಮ

ಮರೆತದ್ದಲ್ಲ, ಮುಂದೂಡಿದ್ದು: ಹಸಿರು ಹಚ್ಚಿದ್ದು ನಾನು, ಅಕ್ಕ. ನನ್ನ ರಜೆಗೆ ಮುಂಚಿನ ಕೊನೆಯ ಶುಕ್ರವಾರ. ನಿಮ್ಮ ಸಾಲು ಹಳದಿಯಲ್ಲಿ ನಾಲ್ಕನೆಯ ವಾರಕ್ಕೆ ಕಾಲಿಟ್ಟಿತ್ತು. ಹಾಳೆಯನ್ನು ಒಂದು ಕೆಂಪೂ ಇಲ್ಲದೆ ಒಪ್ಪಿಸಿ ಹೋಗಬೇಕೆಂಬ ಆಸೆ ನನಗೆ. ಹತ್ತು ದಾರಿ ಆಗಿದೆ, ಒಂದು ತಾನೇ, ಸೋಮವಾರ ಫೋನು ಮಾಡಿ ನಿಮ್ಮನ್ನು ಕಳಿಸಿ ಮತ್ತೆ ಹಳದಿ ಮಾಡುತ್ತೇನೆ ಅಂದುಕೊಂಡೆ. ಪದ್ಧತಿಯಂತೆ "ಹನ್ನೊಂದನೆಯದು ಬಾಕಿ, ಸೇತುವೆ ಕಿತ್ತಿದ್ದಾರೆ, ಹೋಗಿ ನೋಡಬೇಕು" ಎಂಬ ನಿಮ್ಮ ಟಿಪ್ಪಣಿಯನ್ನೂ ಅಳಿಸಿದೆ. ಭಾನುವಾರ ನೋವು ಶುರುವಾಯಿತು. ಹಸಿರು ನೋಡಿ ಅಂಕಿಯಣ್ಣ ನಕ್ಷೆಯಲ್ಲಿದ್ದ ಮೂವತ್ತೈದನ್ನೇ ತುಂಬಿದ. ನಿಮ್ಮ ನೆನಪಿನಲ್ಲಿ ಒಂದು ಅಕ್ಷರವೂ ತಪ್ಪಿಲ್ಲ.

ಇಷ್ಟನ್ನೂ ಬರೆದು ಸಹಿ ಹಾಕಿ ಇವತ್ತು ಬೆಳಿಗ್ಗೆ ಮುಖ್ಯಸ್ಥರಿಗೂ ಅಚ್ಚಿನ ಮನೆಗೂ ಕೊಟ್ಟೆ, ಪ್ರತಿ ಇದರೊಳಗಿದೆ. ನಿಮ್ಮ ಸಂಸ್ಥೆಯವರಿಗೆ ತೋರಿಸಿ. ನಾಳೆಯಿಂದ ನನಗೆ ಕೆಲಸ ಇರುವುದೋ ಇಲ್ಲವೋ ಗೊತ್ತಿಲ್ಲ. ಗುಡ್ಡದ ಮನೆಗೆ ನಾನೇ ಹೋಗಿ ಹೇಳಬೇಕು, ಅದಕ್ಕಿನ್ನೂ ಧೈರ್ಯ ಬಂದಿಲ್ಲ.

ಇನ್ನೊಂದಿದೆ, ಅದನ್ನು ಆ ಪ್ರತಿಯಲ್ಲಿ ಬರೆದಿಲ್ಲ. ನವೆಂಬರಿನಲ್ಲಿ ಆ ಹಸಿರು ಸಾಲು ಯಾರದೆಂದು ಆಫೀಸಿನಲ್ಲಿ ವಿಚಾರಣೆ ನಡೆದ ದಿನ ನಾನು ಮನೆಯಿಂದ ಫೋನಿನಲ್ಲಿದ್ದೆ. ನೀವು ಎದ್ದು ನಿಂತು, "ನಾನೇ ಇರಬೇಕು ಸಾರ್, ಜ್ವರ ಇತ್ತು" ಎಂದಿರಿ. ಮುಖ್ಯಸ್ಥರು ನನ್ನನ್ನು ಕೇಳಿದರು, "ಹಾಳೆ ನಿನ್ನ ಹತ್ತಿರ ಇತ್ತಲ್ಲಮ್ಮ, ನಿನಗೇನಾದ್ರೂ ಗೊತ್ತಾ?" ಪುಟ್ಟಿ ಅಳುತ್ತಿದ್ದಾಳೆ ಸಾರ್, ಆಮೇಲೆ ಮಾಡುತ್ತೇನೆ ಎಂದು ಫೋನಿಟ್ಟೆ. ನೀವು ದೂರದಿಂದ, "ಪಾಪ, ಅವಳನ್ನ ಬಿಡಿ, ಮಗು ನೋಡ್ಕೊಳ್ಳಲಿ" ಎಂದದ್ದು ಫೋನಿಡುವ ಮೊದಲು ಕೇಳಿಸಿತು.

ಪುಟ್ಟಿ ಅಳುತ್ತಿರಲಿಲ್ಲ, ಅಕ್ಕ. ನನ್ನ ತೊಡೆಯ ಮೇಲೆ ಬೆಚ್ಚಗೆ ಮಲಗಿದ್ದಳು.