ಬೆನ್ನ ಹಿಂದಿನ ಸ್ಪೀಕರು

೨ ಜನವರಿ ೨೦೦೫, ರವಿವಾರ

ಐದೂ ಸ್ಪೀಕರುಗಳನ್ನು ಟಿವಿಯ ಪಕ್ಕದಲ್ಲೇ ಸಾಲಾಗಿ ಇಡಬೇಕಂತೆ. ಭರಮಣ್ಣನ ಮೇಲಿನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ವಳಸಂಗದ ಅವನ ಹೊಸ ಮನೆಗೆ ಹೋಮ್ ಥಿಯೇಟರ್ ಹಾಕಲು ಹೋಗಿದ್ದೆ. ಅಲ್ಲಿ ಸೋಫಾ ಏನಿದ್ದರೂ ಬಂದವರಿಗೆ. ಮನೆಯವರು ಕೂರುವುದು ನೆಲದ ಕಂಬಳಿಯ ಮೇಲೆ. ಅದನ್ನು ನೋಡಿಯೇ ಹಿಂದಿನ ಎರಡು ಸ್ಪೀಕರುಗಳನ್ನು ಗೋಡೆಯ ಮೇಲೆ ಎತ್ತರದಲ್ಲಿ ಹಾಕದೆ, ಕಂಬಳಿಯ ಮೇಲೆ ಕುಳಿತವರ ಕಿವಿಗಿಂತ ತುಸು ಮೇಲೆ ಕೂರಿಸಿದೆ. ನಮ್ಮ ಜತ್ತ ತಾಲೂಕಿನಲ್ಲಿ ಇಷ್ಟು ಯೋಚಿಸಿ ಹಾಕುವವನು ನಾನೊಬ್ಬನೇ.

ಸಿನಿಮಾ ಹಚ್ಚಿದೆ. ಕಾಡಿನ ದೃಶ್ಯ ಬಂದಾಗ ಹಿಂದಿನಿಂದ ತೋಳ ಊಳಿಟ್ಟಿತು. ಇಡೀ ಮನೆ ಟಿವಿಗೆ ಬೆನ್ನು ಮಾಡಿ ಗೋಡೆ ನೋಡತೊಡಗಿತು. ಭರಮಣ್ಣನ ತಾಯಿ ಯಲ್ಲವ್ವ ಕೋಲು ಹಿಡಿದೇ ಎದ್ದಳು.

"ಅಮಜದಭಾಯ್, ಕುರಿ ಕಾಯ್ದ ಮಂದಿರಿ ನಾವು. ಹಿಂದ ಸಪ್ಪಳಾದ್ರ ತಿರುಗಿ ನೋಡಾವ್ರ. ಹಿಂಗಾದ್ರ ಸಿನಿಮಾ ಯಾವಾಗ ನೋಡೂದು? ಎಲ್ಲಾ ತಗದು ಟಿವಿ ಬಾಜೂಕ ಇಡ್ರಿ," ಎಂದ ಭರಮಣ್ಣ.

"ನೀವು ತಿರುಗಿ ನೋಡಿದ್ರಿ ಅಂದ್ರ ನಾ ಸರಿಯಾದ ಜಾಗಾಕ್ಕ ಹಚ್ಚೀನಿ. ನಾ ತಗಿಯಂಗಿಲ್ರಿ," ಎಂದೆ.

ನಮ್ಮ ವಾದಕ್ಕೆ ಕಿವಿಗೊಡದೆ ಯಲ್ಲವ್ವ ತನ್ನ ಕಂಬಳಿಯನ್ನು ಎಳೆದುಕೊಂಡು, ಹಿಂದಿನ ಗೋಡೆಗೆ ಮುಖ ಮಾಡಿ, ಕೋಲನ್ನು ಮಡಿಲಲ್ಲಿಟ್ಟು ಕುಳಿತಳು.

"ನೀವು ಸಿನಿಮಾ ನೋಡ್ರಿ. ಈ ಕಡೆ ನಾ ನೋಡ್ಕೋತೀನಿ," ಎಂದಳು.

ತೋಳ ಇನ್ನೂ ಎಷ್ಟೋ ಸಲ ಕೂಗಿತು. ಸಿನಿಮಾ ಮುಗಿಯುವತನಕ ಒಬ್ಬರೂ ತಿರುಗಿ ನೋಡಲಿಲ್ಲ.