ಏರುತಗ್ಗಿಲ್ಲದ ದಾರಿ

ರೀ,

ಇವತ್ತು ಲೀಡ್ಸ್‌ನಿಂದ ಬಸ್ ಹಿಡಿದು ನೀವು ಹಕ್ಕಿ ನೋಡೋಕೆ ಹೋಗುತ್ತಿದ್ದ ರಿಸರ್ವಾಯರ್‌ಗೆ ಒಬ್ಬಳೇ ಹೋಗಿದ್ದೆ. ನೀವು ಕಣ್ಮುಚ್ಚಿದ ಮೇಲೆ ಇದೇ ಮೊದಲ ವಸಂತ. ಆ ಗಾಳಿಗೆ ನೀರು, ಹುಲ್ಲು, ಮೋಡ ಎಲ್ಲ ಒಂದೇ ಕಡೆ ತೇಲಿಹೋಗುತ್ತಿದ್ದವು. ನಾನೂ ಅರ್ಧ ತೇಲುತ್ತಲೇ ನಡೆದೆ.

ಬೆಂಚಿನ ಮೇಲೆ ಬೈನಾಕ್ಯುಲರ್ ಹಿಡಿದು ಕೂತಿದ್ದ ಅಜ್ಜಿಯೊಬ್ಬರು ನನ್ನ ಕೊರಳಲ್ಲಿದ್ದ ನಿಮ್ಮ ಕೆಂಪು ಮಫ್ಲರ್ ಗುರುತು ಹಿಡಿದರು. ಹೆಸರು ಮೇವಿಸ್ ಅಂತೆ.

"ಡಾಕ್ಟರ್ ಅಚ್ಯುತರ ಹೆಂಡತಿ ಅಲ್ವಾ? ಮಂಡಿನೋವು ಹೇಗಿದೆ? ನಿಮಗೆ ನಡೆಯೋಕಾಗುವಂಥ, ಏರುತಗ್ಗಿಲ್ಲದ ದಾರಿ ಹುಡುಕ್ತಾ ಪ್ರತಿ ಭಾನುವಾರ ಇಲ್ಲೆಲ್ಲ ಸುತ್ತುತ್ತಿದ್ದರು. ಸಿಕ್ಕಿದ ದಿನ ಎಷ್ಟು ಖುಷಿಪಟ್ಟರು!"

ಆ ಭಾನುವಾರಗಳಲ್ಲಿ, ನಿಮಗೆ ಹಕ್ಕಿಗಳಿದ್ದರೆ ಸಾಕು ಅಂದುಕೊಂಡು, ನೀವು ಮನೆಗೆ ಬಂದರೂ ನಾನು ಮಾತಾಡುತ್ತಿರಲಿಲ್ಲ.

ಮೇವಿಸ್ ಆ ದಾರಿಯಲ್ಲೇ ಕರೆದುಕೊಂಡು ಹೋದರು. ಮಂಡಿ ನೋಯಲೇ ಇಲ್ಲ. ಹುಲ್ಲುಗಾವಲಿನ ಮೇಲೆ ಜುಟ್ಟಿನ ಹಕ್ಕಿಗಳು ಗಾಳಿಯಲ್ಲಿ ಮಗುಚಿ ಮಗುಚಿ ಹಾರುತ್ತಿದ್ದವು.

"ಈ ಲ್ಯಾಪ್‌ವಿಂಗ್‌ಗಳು ವಾಪಸ್ ಬಂದಿವೆ ಅಂತ ಡಾಕ್ಟರಿಗೆ ಹೇಳಿ," ಅಂದರು.

ನೀವಿಲ್ಲ ಅನ್ನೋದು ಅವರಿಗೆ ಗೊತ್ತೇ ಇಲ್ಲ. "ಹೇಳ್ತೀನಿ" ಅಂದುಬಿಟ್ಟೆ.

ಬಂದಿವೆ ರೀ. ಹದಿನೇಳು ಎಣಿಸಿದೆ.