ಮಣ್ಣಿನ ರುಚಿಯ ಪ್ಯಾರಾ ಹೊಡೆದುಹಾಕಬೇಡ, ಆಯಿ

ಬೀದರ,
ಇಸವಿ ೨೨೧೪, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ

ಜಗದೇವಿ ಆಯಿಗೆ, ನಿನ್ನ ಮರಿಮೊಮ್ಮಗಳ ಮೊಮ್ಮಗಳು ಇಂದುಬಾಯಿಯ ನಮಸ್ಕಾರ.

ಹದಿಮೂರನೆಯ ತಿಂಗಳು ಎಂದು ಗಾಬರಿಯಾಗಬೇಡ. ಬೇಸಿಗೆ ಎಷ್ಟು ಉದ್ದವಾಯಿತೆಂದರೆ ಅದಕ್ಕೊಂದು ಹೆಚ್ಚಿನ ತಿಂಗಳು ಕೊಟ್ಟು ಸಮಾಧಾನ ಮಾಡಬೇಕಾಯಿತು. ನನ್ನ ಮಾತುಗಳು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸು. ಅರವತ್ತೆರಡರ ಮುದುಕಿ ಇಪ್ಪತ್ತೆರಡರ ಹುಡುಗಿಯನ್ನು ಆಯಿ ಎನ್ನುವುದು ನನಗೂ ನಗು ತರಿಸುತ್ತದೆ, ಆದರೆ ನಮ್ಮ ಮನೆಯಲ್ಲಿ ಅಜ್ಜಿಯರಿಗೆಲ್ಲ ಅಜ್ಜಿ ನೀನೇ. ಇದು ಹಿಂದೋಲೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಪತ್ರ. ಒಬ್ಬರಿಗೆ ಜನ್ಮಕ್ಕೆ ಒಂದೇ. ಪಕ್ಕದ ಮನೆಯಾಕೆ ತನ್ನದನ್ನು ಮುತ್ತಜ್ಜಿಯಿಂದ ಉಪ್ಪಿನಕಾಯಿಯ ಅಳತೆ ಕೇಳಲು ಮುಗಿಸಿಬಿಟ್ಟಳು. ನಾನು ನಲವತ್ತು ವರ್ಷ ಜೋಪಾನ ಮಾಡಿದ್ದನ್ನು ನಿನಗೆ ಕಳಿಸುತ್ತಿದ್ದೇನೆ. ಏಕೆಂದರೆ ನೀನೀಗ ಮಣ್ಣುವಿಜ್ಞಾನದ ಸ್ನಾತಕೋತ್ತರ ಪ್ರವೇಶಕ್ಕೆ ಪ್ರಬಂಧ ಬರೆದು, ಅದರಲ್ಲಿದ್ದ ಒಂದೇ ಒಂದು ಒಳ್ಳೆಯ ಪ್ಯಾರಾವನ್ನು ಹೊಡೆದುಹಾಕಿ ಕೂತಿದ್ದೀಯ. ನಾಳೆ ಅದನ್ನು ಕಳಿಸುವವಳಿದ್ದೀಯ.

ಆ ಕರಡು ಹಾಳೆ ನನ್ನ ಮುಂದಿದೆ. ಕೆಂಪು ಗೀಟು ಎಳೆದವಳು ನಿನ್ನ ಹಾಸ್ಟೆಲ್ಲಿನ ಗೆಳತಿ. ಅಂಚಿನಲ್ಲಿ "ಇದೆಲ್ಲಾ ಯಾಕ ಬರದಿ? ಮಣ್ಣು ನೆಕ್ಕೋರು ಅಂತ ನಗ್ತಾರ ನೋಡು" ಎಂದು ಬರೆದಿದ್ದಾಳೆ. ಗೀಟಿನ ಕೆಳಗಿರುವುದು ನನಗೆ ಬಾಯಿಪಾಠ. ನಿಮ್ಮದು ಬಿದ್ರಿ ಕೆಲಸದ ಮನೆ, ಕಪ್ಪು ಲೋಹದ ಸಾಮಾನಿನಲ್ಲಿ ಬೆಳ್ಳಿ ಕೂರಿಸುವ ಕಸುಬು. ಆ ಕಪ್ಪು ಏರಬೇಕಾದರೆ ಕೋಟೆಯೊಳಗೆ ಬಿಸಿಲು ಮಳೆ ಕಾಣದ ಮೂಲೆಯ ಮಣ್ಣನ್ನು ನವಸಾಗರವೆಂಬ ಲವಣದ ಜೊತೆ ಕುದಿಸಿ, ಸಾಮಾನನ್ನು ಅದರಲ್ಲಿ ಅದ್ದಬೇಕು. ಯಾವ ಮಣ್ಣು ಆದೀತು ಎಂಬುದನ್ನು ನಿನ್ನ ಅಜ್ಜ ಮಾಣಿಕಪ್ಪ ಮುತ್ಯಾ ಚಿಟಿಕೆಯಷ್ಟು ನಾಲಿಗೆಗೆ ಹಚ್ಚಿ ಹೇಳುತ್ತಿದ್ದರು. ನೀನು ಹನ್ನೊಂದರವಳಿದ್ದಾಗ, ಅವರು ತಂದ ಮಣ್ಣು ಸಪ್ಪೆ ಎಂದೆ. ಅವರು ನಕ್ಕುಬಿಟ್ಟರು. ಮರುದಿನ ಆ ಮಣ್ಣಿನಲ್ಲಿ ಅದ್ದಿದ ಒಂಬತ್ತು ಹೂದಾನಿಗಳೂ ಕಪ್ಪಾಗದೆ ಬೂದಿ ಬಣ್ಣಕ್ಕೆ ತಿರುಗಿದವು. ಮುತ್ಯಾ ಸಿಟ್ಟಾಗಲಿಲ್ಲ. "ನನ್ನ ನಾಲಿಗಿಗಿ ವಯಸ್ಸಾಗ್ಯದ, ಜಗೂ. ಇನ್ನ ಮ್ಯಾಲ ನೀ ರುಚಿ ನೋಡಿ ಹೇಳು, ನಾ ಕೇಳ್ತೀನಿ" ಎಂದರು.

ಕಥೆ ಅಲ್ಲಿಗೇ ಮುಗಿದಿದ್ದರೆ ನಾನು ಈ ಓಲೆ ಬರೆಯುತ್ತಿರಲಿಲ್ಲ. ಕಾಲೇಜಿಗೆ ಬಂದ ಮೇಲೆ ನೀನು ನಲವತ್ತು ಕಡೆಯ ಮಣ್ಣು ತಂದು, ಮೊದಲು ನಾಲಿಗೆ ಹೇಳಿದ್ದನ್ನು ಬರೆದಿಟ್ಟು, ಆಮೇಲೆ ಪ್ರಯೋಗಾಲಯದಲ್ಲಿ ಪರೀಕ್ಷಿಸಿದೆ. ಮೂವತ್ತೇಳು ಸರಿ, ಮೂರು ತಪ್ಪು. ಆ ಮೂರನ್ನೂ ಬಚ್ಚಿಡದೆ ಅದೇ ಪ್ಯಾರಾದಲ್ಲಿ ಬರೆದೆ. ಕಸುಬಿನ ಮನೆಯಲ್ಲಿ ಹುಟ್ಟಿದವರು ಸಾವಿರಾರು ಜನ ಇದ್ದರು, ಆಯಿ. ತನ್ನ ನಾಲಿಗೆಯನ್ನೇ ಪರೀಕ್ಷೆಗೆ ಕೂರಿಸಿದವಳು ನೀನೊಬ್ಬಳೇ. ಇದನ್ನು ಬರೆಯುವಾಗಲೂ ನನಗೆ ಹೆಮ್ಮೆಯಿಂದ ಎದೆ ಉಬ್ಬುತ್ತದೆ.

ಅದನ್ನು ತೆಗೆದು ಏನು ಬರೆದೆ? "ಚಿಕ್ಕಂದಿನಿಂದಲೂ ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ." ನಾನು ಮಣ್ಣುದಫ್ತರದಲ್ಲಿ, ಅಂದರೆ ಹಳೆಯ ಮಣ್ಣು ಮತ್ತು ಹಳೆಯ ಕಾಗದ ಕಾಯುವ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಆ ವರ್ಷ ಬಂದ ಮುನ್ನೂರ ಹನ್ನೆರಡು ಪ್ರಬಂಧಗಳನ್ನೂ ಓದಿದ್ದೇನೆ. ಇನ್ನೂರ ಆರು ಜನರಿಗೆ ಚಿಕ್ಕಂದಿನಿಂದಲೂ ಅಪಾರ ಆಸಕ್ತಿ. ಅವರ ನಡುವೆ ನಿನ್ನನ್ನು ಹುಡುಕಲು ನನಗೇ ಎರಡು ದಿನ ಹಿಡಿಯಿತು. ಆಯ್ಕೆ ಸಮಿತಿಯವರಿಗೆ ಅಷ್ಟು ಪುರುಸೊತ್ತು ಎಲ್ಲಿಂದ ಬರಬೇಕು?

ನಮ್ಮ ಕಾಲದ ವಿಷಯ ಸ್ವಲ್ಪ ಹೇಳುತ್ತೇನೆ. ನಿಮ್ಮ ನಂತರ ಉಪ್ಪೇರಿಕೆ ಬಂತು; ನೆಲದಾಳದ ಉಪ್ಪು ಮೇಲೆ ಬಂದು ಹೊಲಗಳು ಬೆಳ್ಳಗಾದವು. ಈಗ ಊರೂರಿಗೂ ರುಚಿಕಟ್ಟೆ ಇದೆ, ನೀನು ಹಾಕಿಕೊಟ್ಟ ದಾರಿಯಲ್ಲಿ ಮಣ್ಣಿನ ಉಪ್ಪನ್ನು ನಾಲಿಗೆಯಿಂದ ಹೇಳುವ ಜಾಗ. ಬೆಳಗ್ಗೆ ನಾವು ಏಳೆಂಟು ಜನ ಬಾಯಿ ಮುಕ್ಕಳಿಸಿ ಸಾಲಾಗಿ ಕೂರುತ್ತೇವೆ, ಜನ ಹೊಲದ ಮಣ್ಣನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬರುತ್ತಾರೆ. ಮಧ್ಯಾಹ್ನದ ತನಕ ನಮಗೆ ಖಾರ ಮುಟ್ಟುವಂತಿಲ್ಲ, ಇದೊಂದು ವಿಷಯಕ್ಕೆ ನಿನ್ನನ್ನು ಬೈದುಕೊಳ್ಳುತ್ತೇವೆ. ಅಳೆಯುವ ಯಂತ್ರವೂ ಇದೆ, ಆದರೆ ನಾಲಿಗೆ ಹೇಳಿದ್ದನ್ನು ಬರೆಯುವ ತನಕ ಅದನ್ನು ತೆರೆಯುವುದಿಲ್ಲ. ತಪ್ಪಾದದ್ದನ್ನು ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲೆ ಬರೆಯುತ್ತೇವೆ. ಆ ಗೋಡೆಯ ಹೆಸರು ಜಗದೇವಿ. ಎಂಟು ವರ್ಷದ ಮಕ್ಕಳೂ ಮನೆಗೆ ಬಂದು "ಇವತ್ತ ನಂದು ಜಗದೇವಿ ಮ್ಯಾಲ ಬಂತು" ಎಂದು ಕುಣಿಯುತ್ತವೆ.

ಇದೆಲ್ಲ ಆಯಿತು, ಆದರೆ ಒಂದು ವರ್ಷ ತಡವಾಗಿ. ನಾಳೆ ನೀನು ಕಳಿಸುವ ಪ್ರಬಂಧ ತಿರಸ್ಕೃತವಾಗುತ್ತದೆ. ಮುಂದಿನ ವರ್ಷ ಹಟಕ್ಕೆ ಬಿದ್ದು ಆ ಪ್ಯಾರಾ ಮತ್ತೆ ಸೇರಿಸುತ್ತೀಯ. ಸೀಟು ಸಿಗುತ್ತದೆ, ಸಮಿತಿಯವರು ಅದನ್ನೇ ಹೊಗಳಿ ಕಾಗದ ಬರೆಯುತ್ತಾರೆ. ಆದರೆ ಅಷ್ಟರಲ್ಲಿ ಮುತ್ಯಾ ತೀರಿಕೊಂಡಿರುತ್ತಾರೆ. ಎಂಬತ್ತರ ವಯಸ್ಸಿನಲ್ಲಿ ಬರೆದ ದಿನಚರಿಯಲ್ಲೂ ನೀನು ಆ ಕಾಗದವನ್ನು ಅವರಿಗೆ ತೋರಿಸಲಾಗಲಿಲ್ಲ ಎಂದು ಅತ್ತಿದ್ದೀಯ. ಅದನ್ನು ಓದಿ ನಾನೂ ಅತ್ತಿದ್ದೇನೆ.

ಹಿಂದೋಲೆ ಕಚೇರಿಯವರು ನನ್ನನ್ನು ಹೆದರಿಸಿದರು. ನಿಮ್ಮ ಆಯಿ ಒಂದು ವರ್ಷ ಮುಂಚೆ ಸ್ನಾತಕೋತ್ತರಕ್ಕೆ ಸೇರಿದರೆ ಮದುವೆಯಾಗುವ ಗಂಡೇ ಬೇರೆಯಾದಾನು, ನೀವು ಹುಟ್ಟದೆಯೇ ಹೋಗಬಹುದು ಎಂದರು. ಅರವತ್ತೆರಡು ವರ್ಷ ಬದುಕಿದ್ದಾಯಿತಲ್ಲ, ಸಾಕು ಎಂದು ಸಹಿ ಹಾಕಿದೆ.

ಗೆಳತಿಯ ಮೇಲೆ ಸಿಟ್ಟಾಗಬೇಡ. ಪ್ಯಾರಾವನ್ನು ಇದ್ದ ಹಾಗೆಯೇ ಮತ್ತೆ ಸೇರಿಸು, ಆ ಮೂರು ತಪ್ಪುಗಳ ಸಮೇತ. ನಾಳೆ ಬೆಳಗ್ಗೆಯೇ ಕಳಿಸು. ಉತ್ತರ ಬಂದ ದಿನ ಫೋನಿನಲ್ಲಿ ಹೇಳಿ ಮುಗಿಸಬೇಡ. ಬಸ್ಸು ಹತ್ತಿ ಬೀದರಿಗೆ ಹೋಗಿ ಮುತ್ಯಾನ ಪಕ್ಕದಲ್ಲಿ ಕೂತು ಓದು. ಅವರಿಗೆ ಕಿವಿ ಮಂದವಂತೆ. ಜೋರಾಗಿ ಓದು.